ಕಡಲ ಹೊತ್ತು, ನೆಲದ ಹೊತ್ತು

"ಗಡಿಯಾರ ಸರಿಯಾಗೇ ಇದೆ ಚಿಕ್ಕಪ್ಪ. ತಪ್ಪಾಗಿ ಓದಿದೋರು ನೀವು."

ಗೆಳೆಯ ಐಸಾಕನ ಮಗಳು ಡೈನಾ ಹಾಗೆಂದಾಗ ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಅಪ್ಪನನ್ನು ಮಣ್ಣು ಮಾಡುವಾಗ ಜೊತೆಗಿಡಬೇಕು, ಅವನ ಗಡಿಯಾರ ಕೊಡಿ ಎಂದು ಕೇಳಲು ಠಾಣೆಗೆ ಬಂದಿದ್ದಳು. ಹಾಬ್‌ವಿಕ್‌ನ ಠಾಣೆ ಎಂದರೆ ಏನು ಮಹಾ! ನಮ್ಮ ಮನೆಯ ಮುಂದಿನ ಕೋಣೆ. ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಕಲ್ಲಿನ ಲಾಕಪ್ಪು.

ಆ ಲಾಕಪ್ಪಿನಲ್ಲಿ ಇವಳ ಗಂಡ ಸೈಲಸ್ ಥೀಕರ್ ಭಾನುವಾರ ಸಂಜೆಯಿಂದ ಕೂತಿದ್ದ. ಸನ್ಯಾಸಿನಿ ಬಂಡೆಯ ಮೇಲೆ ತನ್ನ ಮಾವ, ದಡದಲ್ಲಿ ಹಾವುಗಲ್ಲು ಒಡೆದು ಬದುಕುವ ಐಸಾಕ್ ಹಾರ್ಲಂಡನನ್ನು ಸುತ್ತಿಗೆಯಿಂದ ಹೊಡೆದು ಕೊಂದನೆಂಬ ಆರೋಪ. ಮಧ್ಯಾಹ್ನ ಎರಡೂ ಹತ್ತರ ರೈಲಿಗೆ ಅವನನ್ನು ಜಿಲ್ಲಾ ಜೈಲಿಗೆ ಸಾಗಿಸುವುದೆಂದು ಇನ್‌ಸ್ಪೆಕ್ಟರ್ ಕ್ರಾಬ್‌ಟ್ರೀ ಸಾಹೇಬರು ತೀರ್ಮಾನಿಸಿಯಾಗಿತ್ತು. ಅಲ್ಲಿಂದಾಚೆಗೆ ಕೊರಳಿಗೆ ಹಗ್ಗವೇ.

ಮೇಜಿನ ಮೇಲಿದ್ದ ಬೆಳ್ಳಿ ಗಡಿಯಾರದ ಗಾಜು ಪುಡಿಯಾಗಿತ್ತು. ಐಸಾಕ್ ಬಿದ್ದಾಗ ಬಂಡೆಗೆ ಬಡಿದು ಮುಳ್ಳುಗಳು ಹತ್ತೂ ಐದಕ್ಕೆ ನಿಂತುಬಿಟ್ಟಿದ್ದವು. ಭಾನುವಾರ ಹತ್ತೂ ಐದಕ್ಕೆ ಊರಿಗೆ ಊರೇ ಚರ್ಚಿನಲ್ಲಿ ನಿಂತು ಮೊದಲ ಹಾಡು ಹಾಡುತ್ತಿತ್ತು. ನಾನಿದ್ದೆ. ಹಾರ್ಮೋನಿಯಂ ಮುಂದೆ ನನ್ನ ಎಸ್ತರಕ್ಕ ಇದ್ದಳು. ಮೂರನೆಯ ಬೆಂಚಿನಲ್ಲಿ ಡೈನಾ ಇದ್ದಳು. ಇಲ್ಲದವರು ಇಬ್ಬರೇ: ಐಸಾಕ್, ಮತ್ತು ದೇವರಿಗೂ ತನಗೂ ಆಗಿಬರುವುದಿಲ್ಲ ಎಂದು ಹೇಳಿಕೊಂಡು ತಿರುಗುವ ಸೈಲಸ್. ಇಷ್ಟು ಸಾಲದೇ ಇನ್‌ಸ್ಪೆಕ್ಟರಿಗೆ?

"ತಪ್ಪಾಗಿ ಓದೋಕೆ ಅದೇನು ಶಾಸನವೇನಮ್ಮ? ಹತ್ತೂ ಐದು. ನನ್ನ ಕಣ್ಣಿನ್ನೂ ಗಟ್ಟಿಯಾಗೇ ಇದೆ," ಎಂದೆ.

"ಹತ್ತೂ ಐದೇ. ಆದ್ರೆ ಅದು ಕಡಲ ಹೊತ್ತು."

ನಾನು ಗಡಿಯಾರವನ್ನು ಕೈಗೆತ್ತಿಕೊಂಡೆ.

"ಅಪ್ಪನ ಹತ್ರ ಎರಡು ಗಡಿಯಾರ ಇತ್ತಲ್ಲ, ಹಿತ್ತಾಳೆದು ಕಡಲಿಗೆ, ಬೆಳ್ಳಿದು ನೆಲಕ್ಕೆ. ಹಿತ್ತಾಳೆದು ಕೆಟ್ಟು ರಿಪೇರಿಗೆ ಹೋಗಿ ತಿಂಗಳಾಯ್ತು. ಅದಕ್ಕೇ ಈ ಬೆಳ್ಳಿದನ್ನೇ ಕಡಲ ಹೊತ್ತಿಗೆ ತಿರುಗಿಸ್ಕೊಂಡಿದ್ದ. ನೆಲದ ಹೊತ್ತು ಬೇಕಾದಾಗ ಮನಸ್ಸಲ್ಲೇ ಒಂದು ಗಂಟೆ ಸೇರಿಸ್ಕೊಳ್ತಿದ್ದ."

ಕಪಾಳಕ್ಕೆ ಹೊಡೆದಂತಾಯಿತು.

ಮಹಾಯುದ್ಧದ ಕಾಲದಲ್ಲಿ ಸರಕಾರ, ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕೆಂದು ಕಾನೂನು ತಂದಿತು. ನಮ್ಮೂರ ಹಾವುಗಲ್ಲಿನವರು ಒಬ್ಬರೂ ತಮ್ಮ ಕಡಲಿನ ಗಡಿಯಾರ ಮುಟ್ಟಲಿಲ್ಲ. ಭರತ ಇಳಿತದ ಪಟ್ಟಿ ಅಚ್ಚಾಗುವುದು ಇಂದಿಗೂ ಹಳೆಯ ಹೊತ್ತಿಗೇ. ಪಟ್ಟಿ ಒಂದು ಹೇಳಿ ಗಡಿಯಾರ ಇನ್ನೊಂದು ಹೇಳಿದರೆ, ಲೆಕ್ಕ ತಪ್ಪಿದವನನ್ನು ಕಡಲು ಕೊರಕಲಿನ ಬುಡದಲ್ಲಿ ಹಿಡಿದು ಮುಳುಗಿಸಿಬಿಡುತ್ತದೆ. "ಪಾರ್ಲಿಮೆಂಟು ಹೇಳಿದ್ರೆ ಸಮುದ್ರ ಕೇಳುತ್ತೇನೋ ಈನಾಕ್?" ಎನ್ನುತ್ತಿದ್ದ ನನ್ನಪ್ಪ. ಅವನೂ ಹಾವುಗಲ್ಲಿನವನೇ. ಸಾಯುವ ತನಕ ಅವನ ಗಡಿಯಾರ ಬೇಸಿಗೆಯಲ್ಲಿ ಒಂದು ಗಂಟೆ ಹಿಂದೆಯೇ ಓಡಿತು.

ಅಂಥವನ ಮಗ ನಾನು, ಸಾರ್ಜೆಂಟ್ ಈನಾಕ್ ವೆರಿಲ್, ಬೆಳ್ಳಿಯದು ಎಂದು ಕಂಡ ಕೂಡಲೇ ನೆಲದ ಹೊತ್ತೆಂದು ಬರೆದುಕೊಂಡೆ. ಹಿತ್ತಾಳೆಯದು ಎಲ್ಲಿ ಎಂದು ಕೇಳಲಿಲ್ಲ. ಪರಊರಿನ ಇನ್‌ಸ್ಪೆಕ್ಟರ್ ತಪ್ಪಿದರೆ ಮಾಫಿ ಉಂಟು. ನನಗೆ ಮಾತ್ರ ಹಳೇ ಚಪ್ಪಲಿಯಲ್ಲಿ ಹೊಡೆಯಬೇಕು.

"ಅಂದ್ರೆ ನಿಮ್ಮಪ್ಪ ಬಿದ್ದದ್ದು..."

"ಹನ್ನೊಂದೂ ಐದಕ್ಕೆ." ಅವಳ ದನಿ ನಡುಗಲಿಲ್ಲ. "ಹನ್ನೊಂದಕ್ಕೆ ಸೈಲಸ್ ಮೂರು ಮೈಲಿ ಆಚೆ, ನಾಲ್ಕುದಾರೀಲಿ ಬಸ್ ಹತ್ತಿದಾನೆ. ಹೊತ್ತು ಗುದ್ದಿರೋ ಟಿಕೆಟ್ಟು ನಿಮ್ಮ ಇನ್‌ಸ್ಪೆಕ್ಟರ್ ಹತ್ರಾನೇ ಇದೆ. ಈಗ ಬಿಡ್ತೀರಾ ನನ್ನ ಗಂಡನ್ನ?"

"ನಿನ್ನೇನೇ ಯಾಕೆ ಹೇಳ್ಲಿಲ್ಲ ತಾಯಿ?"

"ಗಡಿಯಾರ ನಂಗೆ ತೋರಿಸಿದ್ದೇ ಇವತ್ತಲ್ವಾ."

ಅದೂ ನಿಜವೇ. ಮಾತನಾಡುತ್ತಲೇ ಅವಳು ಎದ್ದು, ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟಿನ ಹತ್ತಿರ ಹೋದಳು. ಭಾನುವಾರ ಬಂಡೆಯ ಮೇಲೆ ಅಪ್ಪನ ಹೆಣ ಕಂಡು ಗಡಗಡ ನಡುಗುತ್ತಿದ್ದವಳಿಗೆ ಆ ಕೋಟನ್ನೇ ಹೊದಿಸಿದ್ದೆ. ದಡಕ್ಕೆ ಬರುವಷ್ಟರಲ್ಲಿ ಪ್ರಜ್ಞೆ ತಪ್ಪಿದಳು. ಹೆಂಗಸರು ಎತ್ತಿಕೊಂಡು ಹೋದರು. ಕೋಟು ಸಂಜೆ ಯಾರದೋ ಕೈಯಲ್ಲಿ ಮನೆಗೆ ಬಂತು.

"ಒಣಗಿದೆಯಾ ಚಿಕ್ಕಪ್ಪ?" ಎನ್ನುತ್ತ ತೋಳನ್ನು ಸವರಿದಳು, ಜೇಬಿನ ಮುಚ್ಚಳ ಸರಿಮಾಡಿದಳು. ಆ ಸಂಕಟದಲ್ಲೂ ಉಪಕಾರ ನೆನೆಯುವ ಹುಡುಗಿ ಎಂದುಕೊಂಡೆ.

* * *

ಕ್ರಾಬ್‌ಟ್ರೀ ಸಾಹೇಬರು ಎಲ್ಲವನ್ನೂ ಕೇಳಿ, ಕೋಳಿಮೊಟ್ಟೆಯ ಹಳದಿ ಅಂಟಿದ್ದ ಮೀಸೆಯನ್ನು ಒರೆಸಿಕೊಂಡರು.

"ಗಂಡನ್ನ ಉಳಿಸ್ಕೊಳ್ಳೋಕೆ ಹೆಂಡ್ತಿ ಸೂರ್ಯನ್ನೂ ಹಿಂದಕ್ಕೆ ತಿರುಗಿಸ್ತಾಳೆ ಸಾರ್ಜೆಂಟ್. ಒಂದು ಗಂಟೆ ಯಾವ ಲೆಕ್ಕ?"

"ಅವಳ ಮಾತು ನಂಬಬೇಡಿ ಸಾಹೇಬ್ರೆ. ಕಡಲನ್ನ ನಂಬಿ."

"ಅಂದ್ರೆ?"

"ಸನ್ಯಾಸಿನಿ ಬಂಡೆ ವರ್ಷಕ್ಕೆ ನಾಲ್ಕೈದು ದಿನ ಮಾತ್ರ ನೀರು ಬಿಟ್ಟು ಮೇಲೆ ಬರುತ್ತೆ. ಅದೂ ಇಳಿತ ಮುಗಿಯೋ ಹೊತ್ತಿನ ಆಚೀಚೆ. ಭಾನುವಾರ ಇಳಿತ ಮುಗಿದದ್ದು ಹನ್ನೊಂದೂವರೆಗೆ. ನಿಮ್ಮ ಲೆಕ್ಕದಲ್ಲಿ ಐಸಾಕ್ ಅದಕ್ಕಿಂತ ಒಂದು ಗಂಟೆ ಇಪ್ಪತ್ತೈದು ನಿಮಿಷ ಮುಂಚೆ ಬಂಡೆ ಮೇಲೆ ಕೂತು ಕಲ್ಲು ಒಡೀತಿದ್ದ. ಇವತ್ತು ಇಳಿತ ಮುಗಿಯೋದು ಒಂದಕ್ಕೆ ಹತ್ತು ನಿಮಿಷ ಇರುವಾಗ. ಅದಕ್ಕಿಂತ ಅಷ್ಟೇ ಮುಂಚೆ, ಅಂದ್ರೆ ಹನ್ನೊಂದೂ ಇಪ್ಪತ್ತೈದಕ್ಕೆ, ಆ ಬಂಡೆ ಮೇಲೆ ನೀವು ಕಾಲು ಒದ್ದೆ ಮಾಡ್ಕೊಳ್ದೆ ನಿಂತು ತೋರಿಸಿ. ನಾನೇ ಸೈಲಸನಿಗೆ ಬೇಡಿ ಹಾಕಿ ರೈಲು ಹತ್ತಿಸ್ತೀನಿ."

"ಪಂದ್ಯವೇನ್ರೀ?"

"ಒಂದು ಜೀವದ ಪ್ರಶ್ನೆ ಸಾಹೇಬ್ರೆ. ಒಂದು ನಡಿಗೆ."

ಅವರು ಗೊಣಗುತ್ತಲೇ ಎದ್ದರು. ನಾನು ಗೂಟದ ಕೋಟು ಹಾಕಿಕೊಂಡು, ಹೆಣದ ಪಕ್ಕ ಸಿಕ್ಕಿದ್ದ ಐಸಾಕನ ಕ್ಯಾನ್ವಾಸ್ ಚೀಲವನ್ನು ಹೆಗಲಿಗೇರಿಸಿದೆ. ಅಡುಗೆಮನೆಯಲ್ಲಿ ಎಸ್ತರಕ್ಕನ ಕೈಯಿಂದ ಏನೋ ಜಾರಿ ಬಿದ್ದು ಒಡೆಯಿತು. ಸೋಮವಾರದಿಂದ ಅವಳ ಅವತಾರವೇ ಹೀಗೆ. ಗಂಜಿ ತಳ ಹತ್ತುತ್ತದೆ, ಚಹಾಕ್ಕೆ ಉಪ್ಪು ಬೀಳುತ್ತದೆ, ನನ್ನ ಮುಖ ಮಾತ್ರ ನೋಡುವುದಿಲ್ಲ.

"ಯಾವ ಬಂಡೆಗೆ ಹೊರಟ್ರಿ?" ಎಂದು ಒಳಗಿಂದಲೇ ಕೇಳಿದಳು.

"ಸನ್ಯಾಸಿನಿ ಬಂಡೆಗೆ. ಹೊತ್ತು ನೋಡೋಕೆ."

ಒಳಗೆ ಒಡೆದ ಚೂರು ಗುಡಿಸುವ ಪೊರಕೆಯ ಸದ್ದು ಕೇಳಿತು.

* * *

ಕಪ್ಪು ಜೇಡಿಗಲ್ಲಿನ ಕೊರಕಲು ಇಳಿದು, ಪಾಚಿ ಕೊಳೆತ ನಾತದಲ್ಲಿ ಮುಕ್ಕಾಲು ಮೈಲಿ ನಡೆದೆವು. ಗಾಳಿ ಉತ್ತರದ್ದು. ಎಲುಬಿಗೆ ಇಳಿಯುವಂಥದ್ದು.

ಹಿಂದಿನ ಕಾಲದಲ್ಲಿ ಒಬ್ಬ ಸನ್ಯಾಸಿನಿ ಈ ದಡದ ಹಾವುಗಳನ್ನೆಲ್ಲ ಕಲ್ಲಾಗಿಸಿ, ತಲೆ ತರಿದು ಕಡಲಿಗೆ ಉರುಳಿಸಿದಳಂತೆ. ಮ್ಯೂಸಿಯಮ್ಮಿನವರು ಅದು ಹಾವಲ್ಲ, ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಕಡಲ ಜೀವಿ, ಹೆಸರು ಅಮೋನೈಟ್ ಎನ್ನುತ್ತಾರೆ. ನಮಗೆ ಅದು ಹಾವುಗಲ್ಲು. ನಮ್ಮವರು ಮನೆಯಲ್ಲಿಟ್ಟುಕೊಂಡರೆ ತಲೆಯಿಲ್ಲದ್ದನ್ನೇ ಇಟ್ಟುಕೊಳ್ಳುತ್ತಾರೆ. ಬೇಸಿಗೆಯ ಪ್ರವಾಸಿಗಳಿಗೆ ಮಾತ್ರ ತಲೆ ಬೇಕು, ಕಣ್ಣು ಬೇಕು, ನಗುವ ಬಾಯಿ ಬೇಕು. ಸೈಲಸ್ ಅದನ್ನೇ ಕೆತ್ತಿ ಮಾರುತ್ತಿದ್ದ. ಶನಿವಾರ ಮಾವನ ಕಪಾಟಿನಿಂದ ಒಂದು ಒಳ್ಳೆಯ ಕಲ್ಲು ತೆಗೆದು ತಲೆ ಕೆತ್ತಿಬಿಟ್ಟ. ಐಸಾಕ್ ಬೀದಿಯಲ್ಲಿ ನಿಂತು ಕೂಗಾಡಿದ್ದೂ, "ಆ ಸುತ್ತಿಗೆ ಒಂದಿನ ನಿನ್ನ ತಲೆಗೇ ಬೀಳುತ್ತೆ ಮುದುಕಾ" ಎಂದು ಸೈಲಸ್ ಅಂದದ್ದೂ ಊರಿಗೆಲ್ಲ ಕೇಳಿಸಿತ್ತು.

ಬೀದಿಯಲ್ಲಿ ಕೂಗಾಡಿದವರೆಲ್ಲ ಕೊಲೆಗಾರರಾದರೆ ನನಗೂ ಹಗ್ಗವೇ. ದೇವರ ದಿನ ಸುತ್ತಿಗೆ ಹಿಡಿಯುತ್ತಾನೆಂದು ನಾನೂ ಐಸಾಕನಿಗೆ ಹೋದ ವಾರ ಚರ್ಚಿನ ಮೆಟ್ಟಿಲ ಮೇಲೆ ಬೈದಿದ್ದೆ. "ಮುಂದಿನ ಭಾನುವಾರ ಆ ಬಂಡೆ ಮೇಲೆ ಕಂಡ್ರೆ ಕುತ್ತಿಗೆ ಪಟ್ಟಿ ಹಿಡಿದು ಎಳ್ಕೊಂಡು ಬರ್ತೀನಿ" ಅಂದಿದ್ದೆ. "ಬಂಡೆ ಭಾನುವಾರವೇ ಮೇಲೆ ಬಂದ್ರೆ ನಾನೇನೋ ಮಾಡ್ಲಿ? ನಿನ್ನ ದೇವರನ್ನೇ ಕೇಳು," ಎಂದು ನಕ್ಕಿದ್ದ. ನಲವತ್ತು ವರ್ಷದ ಗೆಳೆಯ. ಕೊನೆಯ ಮಾತು ಬೈಗುಳವಾಯಿತಲ್ಲ ಎಂದು ಈಗ ಒಳಗೆ ಕೊರೆಯುತ್ತದೆ.

"ಎಲ್ರೀ ನಿಮ್ಮ ಬಂಡೆ?" ಎಂದರು ಸಾಹೇಬರು.

ನಾನು ನೀರನ್ನು ತೋರಿಸಿದೆ. ಬಂಡೆಯ ಜಾಗದಲ್ಲಿ ಬೂದು ಅಲೆ ಹೊರಳುತ್ತಿತ್ತು. ಹನ್ನೊಂದೂ ಇಪ್ಪತ್ತೈದು.

"ನಿಂತ್ಕೊಳ್ಳಿ ಸಾಹೇಬ್ರೆ."

ಅವರು ಹಟದ ಮನುಷ್ಯ. ಹೊಸ ಬೂಟಿನಲ್ಲೇ ಇಳಿದರು. ನಾಲ್ಕು ಹೆಜ್ಜೆಗೆ ಮೊಣಕಾಲು, ಆರಕ್ಕೆ ತೊಡೆ. ಏಳನೆಯದಕ್ಕೆ ಒಂದು ಅಲೆ ಬಂದು ಟೋಪಿಯ ತನಕ ನೆನೆಸಿತು.

"ಕಲ್ಲು ಒಡೀತೀರಾ, ಸುತ್ತಿಗೆ ಕೊಡ್ಲಾ?" ಎಂದು ಕೂಗಿದೆ. ಕೂಗಬಾರದಿತ್ತು. ಆದರೆ ಎರಡು ದಿನದಿಂದ ಅವರು ನನ್ನನ್ನು ದನ ಕಾಯುವವನ ಹಾಗೆ ನೋಡಿದ್ದರು.

"ಸಾಕು ಬಿಡ್ರೀ ನಿಮ್ಮ ಕುಚೋದ್ಯ!" ಹಲ್ಲು ಕಟಕಟಿಸುತ್ತ ಮೇಲೆ ಬಂದರು. "ಈ ಬೂಟು ನನ್ನ ಹೆಂಡ್ತಿ ಕೊಡಿಸಿದ್ದು. ಏನಂತ ಹೇಳ್ಲಿ ಅವಳಿಗೆ?"

"ಒಬ್ಬನ ಜೀವ ಉಳಿಸ್ತು ಅಂತ ಹೇಳಿ."

ಅವರು ನಗಲಿಲ್ಲ. ಆದರೆ ನೋಟ್‌ಬುಕ್ ತೆಗೆದು ಹತ್ತೂ ಐದನ್ನು ಹೊಡೆದುಹಾಕಿದರು. ಹನ್ನೊಂದೂ ಐದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಮನುಷ್ಯ ಒರಟ, ಆದರೆ ಅಪ್ರಾಮಾಣಿಕನಲ್ಲ.

ಹನ್ನೆರಡು ದಾಟಿದ ಮೇಲೆ ಬಂಡೆ ಮೆಲ್ಲಗೆ ಬೆನ್ನು ತೋರಿಸಿತು. ಐಸಾಕನ ರಕ್ತವನ್ನು ನಾಲ್ಕು ಭರತಗಳು ತೊಳೆದುಹಾಕಿದ್ದವು. ಆದರೆ ಅವನು ಬಿದ್ದಿದ್ದ ಜಾಗದ ಪಕ್ಕದಲ್ಲೇ ಹೊಸದಾಗಿ ಉಳಿ ಹಾಕಿ ಎಬ್ಬಿಸಿದ ಒಂದು ಗುಳಿ ಇತ್ತು, ಅಂಗೈಗಿಂತ ತುಸು ಅಗಲ.

ಹಾವುಗಲ್ಲು ಸಿಗುವುದು ಉಂಡೆಗಲ್ಲಿನೊಳಗೆ. ಉಂಡೆಯನ್ನು ಜೇಡಿಯಿಂದ ಇಡಿಯಾಗಿ ಎಬ್ಬಿಸಿ, ಅಂಚಿಗೆ ಸರಿಯಾಗಿ ಒಂದೇ ಏಟು ಹಾಕಬೇಕು. ಕೈ ಪಳಗಿದ್ದರೆ ಎರಡು ಹೋಳಾಗುತ್ತದೆ. ಒಂದರಲ್ಲಿ ಸುರುಳಿ ಸುತ್ತಿದ ಕಲ್ಲು, ಇನ್ನೊಂದರಲ್ಲಿ ಅದರ ಅಚ್ಚು. ಐಸಾಕನ ಚೀಲದಲ್ಲಿ ಸಿಕ್ಕಿದ್ದು ಅಚ್ಚಿನ ಹೋಳು ಮಾತ್ರ. ಅದನ್ನು ಗುಳಿಯೊಳಗಿಟ್ಟೆ. ಒರಟು ಬೆನ್ನು ತಕ್ಕ ಜಾಗಕ್ಕೆ ಕೂತಿತು, ಗುಳಿಯ ಅರ್ಧ ತುಂಬಿತು.

"ಇನ್ನರ್ಧ?" ಎಂದರು ಸಾಹೇಬರು.

"ಅದೇ ಪ್ರಶ್ನೆ. ಕಲ್ಲು ಬಿಟ್ಟು ಬರೀ ಅಚ್ಚನ್ನ ಚೀಲಕ್ಕೆ ಹಾಕ್ಕೊಳ್ಳೋ ಮನುಷ್ಯ ಅಲ್ಲ ಐಸಾಕ್. ಇನ್ನರ್ಧ ಅವನ ಕೈಯಲ್ಲಿತ್ತು. ಯಾರೋ ತಗೊಂಡು ಹೋದ್ರು."

"ಯಾರ ಹತ್ರ ಆ ಹೋಳಿದೆಯೋ ಅವರೇ ಅವನ ಪಕ್ಕದಲ್ಲಿದ್ರು."

"ಹೂಂ. ಸಿಕ್ಕಿದ್ರೆ ಗುರುತು ಹಿಡಿಯೋದು ಕಷ್ಟ ಅಲ್ಲ. ಒಡೆದ ಕೂಡಲೇ ಕಲ್ಲು ಯಾರಿಗೆ ಅಂತ ಬೆನ್ನ ಮೇಲೆ ಉಳಿಮೊನೇಲಿ ಹೆಸರು ಗೀಚೋದು ಅವನ ಅಭ್ಯಾಸ."

ವಾಪಸು ಬರುವಾಗ ಸಾಹೇಬರ ಬೂಟು ಹೆಜ್ಜೆಗೊಮ್ಮೆ ಪಚಕ್ ಪಚಕ್ ಎನ್ನುತ್ತಿತ್ತು. ಮನೆ ಹತ್ತಿರ ಬಂದಾಗ ಅವರೇ ಹೇಳಿದರು:

"ಲಾಕಪ್ಪಿನ ಬೀಗ ತೆಗೀರಿ. ಆಮೇಲೆ ಕೂತು ಒಂದು ಪಟ್ಟಿ ಮಾಡಿ. ಚರ್ಚು ಬಿಟ್ಟದ್ದು ಹತ್ತೂ ಮುಕ್ಕಾಲಿಗೆ. ಅಲ್ಲಿಂದ ಬಂಡೆಗೆ ಕಾಲು ಗಂಟೆ ದಾರಿ. ಹನ್ನೊಂದೂ ಐದಕ್ಕೆ ಈ ಊರಲ್ಲಿ ಯಾರ್ಯಾರು ಎಲ್ಲೆಲ್ಲಿದ್ರು, ನೋಡಿದೋರು ಯಾರು. ಒಬ್ಬರನ್ನೂ ಬಿಡಬೇಡಿ. ನಿಮ್ಮ ಮನೆಯಿಂದ್ಲೇ ಶುರು ಮಾಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕೋಟಿನ ಕಾಲರು ಸರಿಮಾಡಿಕೊಂಡೆ. ಹನ್ನೊಂದೂ ಐದಕ್ಕೆ ನಾನು ಗುಡ್ಡದ ಮೇಲೆ ಒಬ್ಬನೇ ಕೂತು ಪೈಪು ಸೇದುತ್ತಿದ್ದೆ. ನೋಡಿದವರು ಯಾರೂ ಇಲ್ಲ.

* * *

ಸೈಲಸ್ ಹೊರಬಂದಾಗ ಡೈನಾ ಹಿತ್ತಲ ಗೋಡೆಗೆ ಒರಗಿ ನಿಂತಿದ್ದಳು. ಅವನು ಅವಳ ಹೆಗಲಿಗೆ ಹಣೆ ಹಚ್ಚಿ ಎಳೆಮಗುವಿನ ಹಾಗೆ ಅತ್ತ. ಅವಳು ಅಳಲಿಲ್ಲ. "ನಡಿ, ಬಿಸಿನೀರು ಕಾಯಿಸಿದೀನಿ," ಎಂದಷ್ಟೇ ಹೇಳಿ ಕೈ ಹಿಡಿದು ಕರೆದುಕೊಂಡು ಹೋದಳು.

ಸಾಹೇಬರು ಮುಂದಿನ ಕೋಣೆಯಲ್ಲಿ ಬೂಟು ಕಾಲುಚೀಲ ಎರಡನ್ನೂ ಬೆಂಕಿಯ ಮುಂದೆ ಹರವಿ, ಬರಿಗಾಲು ಚಾಚಿ ಕೂತರು. ನಾನು ಕೋಟು ಬಿಚ್ಚಿ, ಚೀಲದೊಂದಿಗೆ ಅಡುಗೆಮನೆಗೆ ಬಂದು ನಡುಬಾಗಿಲು ಎಳೆದುಕೊಂಡೆ.

ಎಸ್ತರಕ್ಕ ಆಲೂಗಡ್ಡೆ ಸುಲಿಯುತ್ತಿದ್ದಳು. ಸಿಪ್ಪೆಗಿಂತ ಗಡ್ಡೆಯೇ ಹೆಚ್ಚು ಬುಟ್ಟಿಗೆ ಬೀಳುತ್ತಿತ್ತು.

"ಅಕ್ಕ, ಭಾನುವಾರ ಚರ್ಚು ಬಿಟ್ಟ ಮೇಲೆ ಎಲ್ಲಿ ಹೋದೆ?"

"ಮನೆಗೆ."

"ಯಾರು ನೋಡಿದ್ರು?"

ಚಾಕು ನಿಂತಿತು. "ನನ್ನನ್ನೇನೋ ಕೇಳ್ತಿರೋದು?"

"ಎಲ್ಲರನ್ನೂ ಕೇಳಬೇಕು. ಐಸಾಕ್ ಸತ್ತದ್ದು ಹತ್ತೂ ಐದಕ್ಕಲ್ಲ, ಹನ್ನೊಂದೂ..."

"ಹನ್ನೊಂದೂ ಐದಕ್ಕೆ. ಗೊತ್ತು."

ನಡುಬಾಗಿಲ ಆಚೆ ಸಾಹೇಬರು ಸೀನಿದರು. ನಾನು ದನಿ ತಗ್ಗಿಸಿದೆ.

"ಗೊತ್ತು ಅಂದ್ರೆ?"

"ಅವನ ಹಿತ್ತಾಳೆ ಗಡಿಯಾರಾನ ಪೇಟೆಗೆ ರಿಪೇರಿಗೆ ಕೊಟ್ಟು ಬಂದವಳೇ ನಾನು. ಬೆಳ್ಳಿದು ಕಡಲ ಹೊತ್ತು ತೋರಿಸುತ್ತೆ ಅಂತ ನಂಗೆ ಭಾನುವಾರಾನೇ ಗೊತ್ತು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ? ಸೈಲಸ್ ನೇಣಿಗೆ ಹೋಗ್ತಿದ್ದನಲ್ಲ!"

"ಭಾನುವಾರ ನೀವೇ ನೋಡ್ಕೊಳ್ತೀರಿ ಅಂದ್ಕೊಂಡೆ. ಸೋಮವಾರ ಬೆಳಿಗ್ಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ..." ಅವಳು ಬಾಯಿಗೆ ಸೆರಗಂಚಿನ ಹಾಗೆ ಏಪ್ರನ್ನಿನ ತುದಿ ಒತ್ತಿಕೊಂಡಳು. "ಬಾಯಿ ಬಿಟ್ಟಿದ್ರೆ ನೀನು ಹೋಗ್ತಿದ್ದೆ."

"ನಾನಾ?"

"ಕೂಗಬೇಡ." ಅವಳ ಕಣ್ಣು ಕೆಂಪಾಗಿತ್ತು. "ನಿಂಗೆ ಅಮ್ಮ ಸತ್ತಾಗ ಮೂರು ವರ್ಷ. ಈ ಕೈಯಲ್ಲೇ ನಿನ್ನ ತಲೆ ಹೇನು ಹೆಕ್ಕಿದೀನಿ. ನಿನಗೋಸ್ಕರ, ನಂಗೆ ಬಂದ ಗಂಡನ್ನ ಬೇಡ ಅಂದೆ. ಹೋದ ವಾರ ಮೆಟ್ಟಿಲ ಮೇಲೆ ನಿಂತು, ಕುತ್ತಿಗೆ ಪಟ್ಟಿ ಹಿಡಿದು ಎಳೀತೀನಿ ಅಂದೋನು ನೀನು. ಚರ್ಚು ಬಿಟ್ಟ ಮೇಲೆ ಒಬ್ಬನೇ ಹೋದೋನು ನೀನು. ಬೇಲಿನೇ ಎದ್ದು ಹೊಲ ಮೇಯ್ತು ಅಂತ ನಾನು ಯಾರಿಗೆ ಹೋಗಿ ಹೇಳ್ಲಿ ಈನಾಕ್?"

"ಅಷ್ಟಕ್ಕೇ ನಿನ್ನ ತಮ್ಮ ಕೊಲೆಗಾರ ಅಂದ್ಕೊಂಡ್ಯಾ? ಮೂಗಿನ ಮೇಲೆ ಕೋಪ ಇದೆ, ನಿಜ. ಒಂದು ಕೋಳಿ ಕುಯ್ಯೋಕೂ ನಿನ್ನನ್ನೇ ಕರೀತೀನಲ್ಲೇ!"

"ಅಷ್ಟಕ್ಕೇ ಅಲ್ಲ."

ಅವಳು ಎದ್ದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು. ಮೊಣಕೈ ತನಕ ಕೈ ಇಳಿಸಿ, ಬಟ್ಟೆ ಸುತ್ತಿದ ಏನನ್ನೋ ಎತ್ತಿ ಮೇಜಿನ ಮೇಲಿಟ್ಟಳು. ಬಟ್ಟೆ ಬಿಚ್ಚಿದಳು.

ಹಾವುಗಲ್ಲು. ಅಂಗೈಯಗಲ. ಪಕ್ಕೆಲುಬಿನಂಥ ಗೆರೆಗಳು ಒಂದೂ ಮುಕ್ಕಾಗದೆ ಒಳಗಿನ ಚುಕ್ಕೆಯ ತನಕ ಸುತ್ತಿಕೊಂಡಿದ್ದವು. ಇಂಥದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಚೀಲದಿಂದ ಅಚ್ಚಿನ ಹೋಳು ತೆಗೆದು ಅದರ ಮೇಲಿಟ್ಟೆ. ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಕೂತಿತು.

"ಎಲ್ಲಿ ಸಿಕ್ತು?"

"ಸೋಮವಾರ ಬೆಳಿಗ್ಗೆ ಬ್ರಷ್ ಹಾಕೋಣ ಅಂತ ತಗೊಂಡೆ. ನಿನ್ನ ಕೋಟಿನ ಜೇಬಲ್ಲಿ."

ನನ್ನ ಕೋಟು. ನನ್ನ ಜೇಬು. ಎರಡು ದಿನದಿಂದ ಅಕ್ಕ ನನ್ನ ಮುಖ ನೋಡದೆ, ಉಪ್ಪಿನ ಚಹಾ ಕುಡಿಸುತ್ತ, ಒಬ್ಬ ನಿರಪರಾಧಿಯನ್ನು ಹಗ್ಗಕ್ಕೆ ಬಿಟ್ಟುಕೊಟ್ಟು ನನ್ನನ್ನು ಕಾಯುತ್ತಿದ್ದಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ಹಿಟ್ಟು ಮೆತ್ತಿದ ಕೈ ನೋಡಿ ಅಳು ಬಂತು.

"ಅಕ್ಕ, ನಿನ್ನಾಣೆ, ಇದನ್ನ ನಾನು ಈಗಲೇ ನೋಡ್ತಿರೋದು."

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಚಿಕ್ಕಂದಿನಲ್ಲಿ ಸಕ್ಕರೆ ಕದ್ದಾಗ ನೋಡುತ್ತಿದ್ದ ಅದೇ ನೋಟ. ಆಮೇಲೆ ಕುರ್ಚಿಗೆ ಕುಸಿದು, "ದೇವರೇ, ಹಾಗಾದ್ರೆ ಆ ಬಡಪಾಯಿ ಸೈಲಸನಿಗೆ ನಾನೇನು ಮಾಡೋಕೆ ಹೊರಟಿದ್ದೆ," ಎಂದಳು.

"ಹೆಸರಿದೆಯಾ ಬೆನ್ನ ಮೇಲೆ?"

"ಜೇಡಿ ಮೆತ್ತಿದೆ. ಮುಟ್ಟೋಕೇ ಹೆದರಿಕೆ ಆಗಿ ಹಾಗೇ ಸುತ್ತಿಟ್ಟೆ."

ಕಲ್ಲನ್ನು ಬೋರಲು ಹಾಕಿ, ತೊಟ್ಟಿಯ ನೀರು ಹನಿಸಿ ಹೆಬ್ಬೆರಳಿನಿಂದ ತಿಕ್ಕಿದೆ. ಕಪ್ಪು ಜೇಡಿ ಕರಗಿ ಹರಿಯಿತು. ಉಳಿಮೊನೆಯ ಗೀರುಗಳು ಒಂದೊಂದೇ ಬೆಳ್ಳಗೆ ಎದ್ದವು. ಮ್ಯೂಸಿಯಮ್ಮಿನ ಹೆಸರಲ್ಲ, ಯಾವ ಗಿರಾಕಿಯ ಹೆಸರೂ ಅಲ್ಲ.

ಡೈನಾಗೆ.

ಭಾನುವಾರ ಬಂಡೆಯಿಂದ ಬರುವಾಗ ಆ ಕೋಟು ನನ್ನ ಮೈಮೇಲಿರಲಿಲ್ಲ. ಅವಳ ಮೈಮೇಲಿತ್ತು. ಹೊದಿಸಿದವನು ನಾನೇ. ಕೋಟು ಹೊದಿಸುವಾಗ ಅವಳು ಎರಡೂ ಕೈಯನ್ನು ಎದೆಗೆ ಅವುಚಿಕೊಂಡಿದ್ದಳು. ಚಳಿಗೆ ಎಂದುಕೊಂಡೆ ನಾನು, ದಡ್ಡ ಶಿಖಾಮಣಿ. ಹನ್ನೊಂದೂ ಮುಕ್ಕಾಲಿಗೆ ಓಡಿ ಬಂದು "ಅಪ್ಪ ಇನ್ನೂ ಬಂದಿಲ್ಲ ಚಿಕ್ಕಪ್ಪ, ನೀರು ಏರೋ ಹೊತ್ತಾಯ್ತು" ಎಂದಾಗ ಅವಳ ಲಂಗದ ಅಂಚು ಆಗಲೇ ಒದ್ದೆಯಾಗಿತ್ತಲ್ಲವೇ? ಆಗಿತ್ತು. ಕಂಡಿದ್ದೆ. ಮಳೆ ಇರಲಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ.

ಮತ್ತೆ ಇವತ್ತು ಬೆಳಿಗ್ಗೆ. ಹತ್ತೂ ಐದಕ್ಕೆ ಇಡೀ ಊರು ಅವಳನ್ನು ಮೂರನೆಯ ಬೆಂಚಿನಲ್ಲಿ ನೋಡಿತ್ತು. ಆ ಒಂದು ಗಂಟೆ ಅವಳ ಪಾಲಿಗೆ ಕೋಟೆಯ ಗೋಡೆ. ಅದನ್ನು ತನ್ನ ಕೈಯಾರೆ ಕೆಡವಿ, ಗಂಡನನ್ನು ಹೊರಗೆ ತಂದು, ತಾನು ಬಯಲಲ್ಲಿ ನಿಂತುಬಿಟ್ಟಿದ್ದಳು. ಅವಳು ಹಾಗೆ ಮಾಡಿರದಿದ್ದರೆ ನನ್ನ ಅಪ್ಪನಾಣೆಗೂ ನನಗೆ ಏನೂ ತಿಳಿಯುತ್ತಿರಲಿಲ್ಲ.

ಯಾಕೆ ಹೋದಳು ಬಂಡೆಗೆ? ಮಗಳ ಹೆಸರು ಗೀಚಿ ಕೈಗೆ ಕೊಟ್ಟ ಅಪ್ಪನ ತಲೆಗೆ ಸುತ್ತಿಗೆ ಹೇಗೆ ಬಿತ್ತು?

"ಈನಾಕ್," ಎಸ್ತರಕ್ಕ ಪಿಸುಗುಟ್ಟಿದಳು, "ಆ ಮಗೂನ ಹೆರಿಗೆಗೆ ನಾನೇ ಹೋಗಿದ್ದೆ ಕಣೋ. ಇದನ್ನ ಮತ್ತೆ ಡಬ್ಬಿಗೆ ಹಾಕಿಬಿಡ್ಲಾ?"

ಹಾಕು ಎನ್ನಬೇಕೆನಿಸಿತು. ಬಾಯಿಯ ತನಕ ಬಂತು. ಹಾಕಿದರೆ ಇನ್‌ಸ್ಪೆಕ್ಟರ್ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಾರೆ, ನಾಳೆ ಇನ್ನೊಬ್ಬ ಸೈಲಸ್ ಸಿಗುತ್ತಾನೆ. ಹಾಕದಿದ್ದರೆ ನನ್ನ ಗೆಳೆಯನ ಒಬ್ಬಳೇ ಮಗಳು. ಕಲ್ಲನ್ನು ಎತ್ತಿ ಹಿಡಿದುಕೊಂಡೇ ನಿಂತೆ.

ಹಿತ್ತಲ ಬಾಗಿಲು ಕಿರ್ರೆಂದಿತು. ನಮ್ಮೂರಲ್ಲಿ ಮುಂಬಾಗಿಲಿಗೆ ಬರುವವರು ಪರಊರವರು ಮಾತ್ರ.

ಡೈನಾ ನಿಂತಿದ್ದಳು. ಅಪ್ಪನ ಸೂತಕದ ಕಪ್ಪು ಬಟ್ಟೆ, ಒರೆಸಿಟ್ಟ ಹಾಗಿದ್ದ ಮುಖ.

"ಸೈಲಸ್ ಉಂಡು ಮಲಗಿದಾನೆ ಚಿಕ್ಕಪ್ಪ. ಅವನಿಗೆ ಇನ್ನು ಏನೂ ಆಗಲ್ಲ ತಾನೆ?"

"ಇಲ್ಲಮ್ಮ."

"ಬರೆದಾಯ್ತಾ? ಹನ್ನೊಂದೂ ಐದು ಅಂತ?"

"ಇನ್‌ಸ್ಪೆಕ್ಟರೇ ಬರ್ಕೊಂಡಿದಾರೆ."

ಅವಳು ಉಸಿರು ಬಿಟ್ಟಳು. ನನ್ನ ಕೈ ನೋಡಿದಳು. ಕಲ್ಲನ್ನು ಬಚ್ಚಿಡಲು ನಾನು ಪ್ರಯತ್ನಿಸಲಿಲ್ಲ. ಪ್ರಯತ್ನಿಸಿದ್ದರೂ ತಡವಾಗಿತ್ತು.

"ಬೆಳಿಗ್ಗೆ ಕೋಟಿನ ಜೇಬು ನೋಡಿದೆ, ಇರ್ಲಿಲ್ಲ," ಎಂದಳು. "ಆವತ್ತು ಬರ್ತಾ ದಾರಿಯಲ್ಲಿ ಮೂರು ಸಲ ಕೈ ಎತ್ತಿದೆ ಚಿಕ್ಕಪ್ಪ, ಕಡಲಿಗೆ ಎಸೆಯೋಣ ಅಂತ. ಆಗ್ಲಿಲ್ಲ. ನನ್ನ ಹೆಸರು ಗೀಚಿದ್ದ ಅಪ್ಪ. ಅದು ನನ್ನ ಕಲ್ಲು."

ನಾನು ನಡುಬಾಗಿಲ ಕಡೆ ಕಣ್ಣು ತೋರಿಸಿ, ಸುಮ್ಮನಿರು ಎಂದು ತಲೆಯಾಡಿಸಿದೆ. ಎಸ್ತರಕ್ಕ ಎದ್ದು ಅವಳ ಬಾಯಿ ಮುಚ್ಚಲು ಕೈ ಚಾಚಿದಳು.

ಎಳೆದುಕೊಂಡಿದ್ದ ಬಾಗಿಲು ಆಗಲೇ ತೆರೆದಿತ್ತು. ಬೂಟಿಲ್ಲದ ಕಾಲಿಗೆ ಸದ್ದಿರುವುದಿಲ್ಲ.

"ಯಾವ ಕಲ್ಲಮ್ಮ ಅದು?" ಎಂದರು ಕ್ರಾಬ್‌ಟ್ರೀ ಸಾಹೇಬರು, ನನ್ನ ಬೆನ್ನ ಹಿಂದೆ ಬರಿಗಾಲಲ್ಲಿ ನಿಂತು.